ಬಸ್ಸಿನ ಉಚ್ಚೆ

"ಬಸ್ಸಿಗೆ ಬೆನ್ನು ತಾಗಿಸ್ಬೇಡ ಕಣೇ, ದರಿದ್ರದೋಳೇ! ನಿನ್ನ ವಂಶಾನೇ ಮಾರಿದ್ರೂ ಅದರದೊಂದು ಕನ್ನಡಿ ಬರಲ್ಲ!"

ಕೂಗಿದವನು ಡಿಪೋ ಮ್ಯಾನೇಜರ್. ನಾವು ಅವನಿಗಿಟ್ಟ ಹೆಸರು ಹಾರ್ನ್. ನಾನೂ ನನ್ನ ನಾದಿನಿಯೂ ಹೊಸ ಬಸ್ಸು ತೊಳೆಯುತ್ತಿದ್ದೆವು. ಇಪ್ಪತ್ತು ವರ್ಷದಿಂದ ಬಸ್ಸು ತೊಳೆಯುವವಳಿಗೆ ಬೆನ್ನು ಎಲ್ಲಿಡಬೇಕೆಂದು ಇವನು ಹೇಳಿಕೊಡಬೇಕು, ಪಾಪ!

ಇದು ಹೈಡ್ರೋಜನ್ ಬಸ್ಸಂತೆ. ಹೊಗೆ ಬಿಡುವುದಿಲ್ಲವಂತೆ, ಸದ್ದು ಮಾಡುವುದಿಲ್ಲವಂತೆ, ಹಿಂದಿನ ಕೊಳವೆಯಿಂದ ಬರೀ ನೀರು ಬರುತ್ತದಂತೆ.

"ಬಸ್ಸು ಉಚ್ಚೆ ಹೊಯ್ಯುತ್ತಾ ಅತ್ತಿಗೆ?" ನಾದಿನಿ ಕಿಸಕ್ಕನೆ ನಕ್ಕಳು.

"ಬಾಯ್ಮುಚ್ಚೇ! ಕುಡಿಯೋವಷ್ಟು ಶುದ್ಧ ಅದು!" ಹಾರ್ನ್ ಗದರಿದ.

ಅದಕ್ಕೆ ತುಂಬುವ ಗ್ಯಾಸು ಮಾತ್ರ ದೂರದಿಂದ ಡೀಸೆಲ್ ಲಾರಿಯಲ್ಲಿ ಬರುತ್ತಿತ್ತು. ಆ ಲಾರಿ ಕಕ್ಕುವ ಹೊಗೆಗೆ ನಾವಿಬ್ಬರೂ ಕೆಮ್ಮಿ ಕೆಮ್ಮಿ ಸಾಯುತ್ತಿದ್ದೆವು. ಹೊಗೆಯಿಲ್ಲದ ಬಸ್ಸಿನ ಹೊಗೆ ಇದು ಎಂದರೆ ಹಾರ್ನಿಗೆ ಮೂಗಿನ ತುದಿಯಲ್ಲೇ ಕೋಪ.

ನಾವು ಕೇಳಿದ್ದು ಕುಡಿಯುವ ನೀರಿನ ಒಂದೇ ಒಂದು ನಲ್ಲಿ. ಶೆಡ್ಡಿನ ಹಿಂದಿನ ತೊಟ್ಟಿಯ ನೀರು ಕುಡಿದು ಹೋದ ತಿಂಗಳು ನಾದಿನಿ ಎಂಟು ದಿನ ಮೇಲೇಳಲಿಲ್ಲ.

"ಈ ಒಂದು ಬಸ್ಸಿನ ದುಡ್ಡಲ್ಲಿ ಮೂರು ಡೀಸೆಲ್ ಬಸ್ಸು ಬರ್ತಿತ್ತು. ನಿಮ್ಮ ನಲ್ಲಿಗೆ ಎಲ್ಲಿಂದ ತರ್ಲಿ? ತೊಟ್ಟಿ ನೀರಿಗೇನು ರೋಗ?" ಎಂದವನು, ಮರುದಿನ ತೊಟ್ಟಿಯ ಮೇಲೆ 'ಒಳ್ಳೆಯ ಕುಡಿಯುವ ನೀರು' ಎಂದು ಬಣ್ಣದಲ್ಲಿ ಬರೆಸಿದ. ಹುಳಗಳಿಗೆ ಓದಲು ಬರುವುದಿಲ್ಲ, ಹಾಯಾಗಿ ಈಜುತ್ತಿದ್ದವು.

ಉದ್ಘಾಟನೆಯ ದಿನ ಗ್ಯಾಸಿನ ಲಾರಿ ದಾರಿಯಲ್ಲೇ ಕೆಟ್ಟು ನಿಂತಿತು. ಬಸ್ಸಿನ ಹೊಟ್ಟೆ ಖಾಲಿ. ಇನ್ನರ್ಧ ಗಂಟೆಗೆ ಮಂತ್ರಿ ಬಂದು, ಕೊಳವೆಯ ನೀರನ್ನು ಲೋಟಕ್ಕೆ ಹಿಡಿದು ಕ್ಯಾಮೆರಾಗಳ ಮುಂದೆ ಕುಡಿಯಬೇಕು. ಹಾರ್ನ್ ಇಂಗು ತಿಂದ ಮಂಗನಂತಾದ.

"ಏಯ್ ಕಡ್ಡಿ, ಬಸ್ಸಿನಡಿ ತೂರ್ಕೋ," ಎಂದು ನನ್ನನ್ನು ಎಳೆದ. "ನಾನು ಬಸ್ಸನ್ನ ಎರಡು ಸಲ ತಟ್ಟಿದ ಕೂಡ್ಲೇ, ಕೊಳವೆಗೆ ಸಿಕ್ಕಿಸಿರೋ ಈ ರಬ್ಬರ್ ಪೈಪಲ್ಲಿ ನೀರು ಬಿಡು. ಉಸಿರೆತ್ತಿದ್ರೆ ನಾಳೆಯಿಂದ ಕೆಲಸ ಇಲ್ಲ."

"ಯಾವ ನೀರು ಸಾರ್?"

"ಒಳ್ಳೇ ನೀರು ಕಣೇ, ಕತ್ತೆ!"

ಒಳ್ಳೆಯ ನೀರು ಎಲ್ಲಿದೆಯೆಂದು ಬರೆಸಿದವನೇ ಅವನು. ಕ್ಯಾಂಟೀನಿನ ಟೀ ಕೆಟಲ್ ತುಂಬಿಸಿಕೊಂಡು ಬಂದು ಗೋಣಿಚೀಲದ ಮೇಲೆ ಅಂಗಾತ ಮಲಗಿದೆ.

ಮಂತ್ರಿ ಬಂದರು. ಬಸ್ಸು ಸದ್ದು ಮಾಡುವುದಿಲ್ಲವೆಂದು ಮೊದಲೇ ಡಂಗುರ ಸಾರಿದ್ದರಿಂದ, ಅದು ಸತ್ತಿದೆಯೋ ಬದುಕಿದೆಯೋ ಯಾರಿಗೂ ಗೊತ್ತಾಗಲಿಲ್ಲ. ಟಕ್, ಟಕ್. ನಾನು ನೀರು ಬಿಟ್ಟೆ.

ಚಪ್ಪಾಳೆ ಶುರುವಾದದ್ದು ಅರ್ಧಕ್ಕೇ ನಿಂತಿತು.

"ಏನ್ರೀ ಇದು?" ಮಂತ್ರಿಯ ದನಿ. "ಮಣ್ಣಿನ ಬಣ್ಣ ಇದೆ. ಅಯ್ಯಯ್ಯೋ, ಏನೋ ಓಡಾಡ್ತಿದೆ!"

"ಹೊಸ ಬಸ್ಸಲ್ವಾ ಸಾರ್... ಮೊದಮೊದಲು... ಒಳ್ಳೇ ನೀರೇ ಸಾರ್."

"ಹಾಗಾದ್ರೆ ನೀವೇ ಕುಡಿದು ತೋರಿಸಿ."

ಬಸ್ಸಿನಡಿಯಿಂದ ನನಗೆ ಕಂಡದ್ದು ಹಾರ್ನಿನ ಕಾಲುಗಳು ಮಾತ್ರ. ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಿದ್ದವು. ಕೆಲಸ ಹೋದರೆ ಮನೆ ಹೇಗೆ ನಡೆಯುತ್ತದೆಂದು ನನಗೂ ಭಯವಿತ್ತು. ಆದರೆ ಆ ಎಂಟು ದಿನ ನಾದಿನಿಯ ತಲೆ ನನ್ನ ತೊಡೆಯ ಮೇಲಿತ್ತು.

ಕೆಟಲ್ ಹಿಡಿದು ತೆವಳಿಕೊಂಡು ಹೊರಬಂದೆ. ಕ್ಯಾಮೆರಾಗಳೆಲ್ಲ ನನ್ನ ಕಡೆ ತಿರುಗಿದವು.

"ಕುಡೀರಿ ಸಾರ್, ನಾವು ದಿನಾ ಕುಡಿಯೋದು ಇದನ್ನೇ," ಎಂದೆ. ನಾದಿನಿ ಆಗಲೇ ಕ್ಯಾಂಟೀನಿನಿಂದ ಲೋಟಗಳ ತಟ್ಟೆ ಹಿಡಿದು ಬರುತ್ತಿದ್ದಳು. "ಮಂತ್ರಿಗಳಿಗೂ ಒಂದು ಲೋಟ ಇಡೇ. ತೊಟ್ಟಿ ತುಂಬಾ ಇದೆ."