ನಾಲ್ಕನೇ ಗುಡ್ಡದ ಬಸ್ಸು

"ಕಾರು ಮಾಡ್ಕೊಂಡು ಬಂದಿದ್ರೆ ಇಷ್ಟೊತ್ತಿಗೆ ಯುದ್ಧದ ಐದೂ ಜಾಗ ನೋಡಿ ಮುಗಿಸಿ ಊಟಕ್ಕೆ ಕೂತಿರ್ತಿದ್ವಿ," ಎಂದು ತಂಗಿಯ ಮಗಳು ಮೂರನೆಯ ಸಲ ಹೇಳಿದಳು. ದೊಡ್ಡಮ್ಮ ಕೇಳಿಸದವಳಂತೆ ಸೇತುವೆಯನ್ನೇ ನೋಡುತ್ತಿದ್ದಳು. ಯುದ್ಧದಲ್ಲಿ ಮುರಿದ ಸೇತುವೆಯ ಎರಡು ಕಂಬಗಳನ್ನು ಹಾಗೇ ಉಳಿಸಿ, ಸುತ್ತ ಸರಪಳಿ ಕಟ್ಟಿ, ಗುಂಡು ತಾಗಿದ ಕಡೆಗಳಲ್ಲೆಲ್ಲ ಬಿಳಿ ಬಣ್ಣದ ಸುತ್ತು ಹಾಕಿದ್ದರು. ಬಸ್ಸು ಬದಲಿಸಲು ಇಳಿದವರಿಗೆ ಇದನ್ನು ನೋಡಲು ಇಪ್ಪತ್ತು ನಿಮಿಷ ಧಾರಾಳವಾಯಿತು. ಎದುರಿಗೆ ಕಂಡಾಗ ಎದೆ ಧಸಕ್ಕೆಂದರೆ ಇರಲಿ ಎಂದು ದೊಡ್ಡಮ್ಮ ಮಾತ್ರೆ ಕೂಡ ತಂದಿದ್ದಳು. ಏನೂ ಅನಿಸಲಿಲ್ಲ. ಬ್ಯಾಂಕಿನ ಸಾಲಿನಲ್ಲಿ ನಿಂತ ಹಾಗೆ ನಿಂತಿದ್ದಳು.

ಮೂವತ್ತೆಂಟು ವರ್ಷದ ಹಿಂದೆ, ಯುದ್ಧ ಮುಗಿದ ವರ್ಷ, ಅವಳು ಸೇನಾ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ಮಡಿದವರ ಮನೆಗಳಿಗೆ ಹೋಗುವ ಕೊನೆಯ ಪತ್ರ ಅವಳ ಪಾಲಿನ ಕೆಲಸ. ಹೆಸರು, ತುಕಡಿ, ತಾರೀಖು, ಮಡಿದ ಸ್ಥಳ, ಕೊನೆಗೆ ಆ ಸ್ಥಳಕ್ಕೆ ಹೋಗುವ ಬಸ್ಸಿನ ವಿವರ. ಆ ಪತ್ರ ಸೇರುವ ಮನೆಗಳಲ್ಲಿ ಕಾರಿದ್ದವರು ಯಾರೂ ಇರಲಿಲ್ಲ. ಮೊದಲ ವಾರ ಅತ್ತಳು, ಎರಡನೆಯ ವಾರ ಊಟ ಸೇರಲಿಲ್ಲ, ಮೂರನೆಯ ವಾರದಿಂದ ಎಲ್ಲ ಸಲೀಸಾಯಿತು. ಕೈ ತನ್ನಷ್ಟಕ್ಕೆ ಟೈಪ್ ಮಾಡುತ್ತಿದ್ದರೆ ಅವಳು ಸಂಜೆಗೆ ಯಾವ ತರಕಾರಿ ಕೊಳ್ಳಲಿ ಎಂದು ಯೋಚಿಸುತ್ತಿದ್ದಳು. ಹಾಗೆ ಒಂದು ಮಧ್ಯಾಹ್ನ ನಾಲ್ಕನೇ ಗುಡ್ಡದ ಪಟ್ಟಿ ಮುಗಿದು ಏಳನೇ ಗುಡ್ಡದ್ದು ಶುರುವಾದದ್ದು ಕಣ್ಣಿಗೆ ಕಂಡರೂ ಕೈಗೆ ತಿಳಿಯಲಿಲ್ಲ. ಹೆಸರು ಹೊಸದು, ಸ್ಥಳ ಹಳೆಯದು. ಹನ್ನೊಂದು ಪತ್ರ. ಮರುದಿನ ಕಾರ್ಬನ್ ಪ್ರತಿಗಳನ್ನು ಫೈಲಿಗೆ ಸೇರಿಸುವಾಗ ನೋಡಿಕೊಂಡಳು. ಅಷ್ಟರಲ್ಲಿ ಟಪಾಲು ಹೊರಟುಹೋಗಿತ್ತು. ಬಾಯಿಬಿಟ್ಟರೆ ಕೆಲಸ ಹೋಗುತ್ತದೆಂದು ಹೆದರಿ, ಫೈಲಿಗೆ ದಾರ ಕಟ್ಟಿ ಕಪಾಟಿನೊಳಗೆ ತಳ್ಳಿದಳು.

ಆಮೇಲೆ ಮದುವೆ, ಬೇರೆ ಕಚೇರಿ, ನಿವೃತ್ತಿ, ಗಂಡನ ಸಾವು, ಎಲ್ಲವೂ ಆಯಿತು. ಯಾರಿಗೂ ಹೇಳಲಿಲ್ಲ. ತಾನು ಟೈಪ್ ಮಾಡಿದ ದಾರಿಯಲ್ಲಿ, ಟೈಪ್ ಮಾಡಿದ ಬಸ್ಸಿನಲ್ಲೇ ಒಮ್ಮೆ ಹೋಗಿಬರಬೇಕು ಎಂಬುದೊಂದು ಮನಸ್ಸಿನಲ್ಲಿತ್ತು.

ಎರಡನೆಯ ಬಸ್ಸು ಬಂತು. ಇವರ ಹಿಂದೆಯೇ ಎಪ್ಪತ್ತು ದಾಟಿದ ಒಬ್ಬ ಮುದುಕ, ಹೆಗಲಲ್ಲಿ ಭಾರದ ಕ್ಯಾನ್ವಾಸ್ ಚೀಲ ಹಾಕಿಕೊಂಡು ಹತ್ತಿದ.

"ಬಂದ್ರಾ ಬಡಗಿಯಣ್ಣ? ಹೋದ ವರ್ಷ ಹೊಡೆದ ಮೊಳೆ ಗಟ್ಟಿಯಾಗಿದ್ಯಾ ಅಂತ ನೋಡೋಕಾ?" ಎಂದ ಕಂಡಕ್ಟರ್.

"ನಿನ್ನ ಬಸ್ಸಿಗಿಂತ ಗಟ್ಟಿಯಾಗಿರತ್ತೆ ಬಿಡು," ಎಂದು ಬಡಗಿ ಪಕ್ಕದ ಸೀಟಿನಲ್ಲಿ ಕೂತ.

ಬೆಳಗಿನಿಂದ ಮಾತಿಗೆ ಜನ ಸಿಗದೆ ಮುಖ ಊದಿಸಿಕೊಂಡಿದ್ದ ತಂಗಿಯ ಮಗಳಿಗೆ ಜೀವ ಬಂತು. "ಪ್ರತಿ ವರ್ಷ ಬರ್ತೀರಾ?"

"ಒಂದು ವರ್ಷ ಕಾಲು ಮುರ್ಕೊಂಡಿದ್ದೆ, ಅದೊಂದು ಸಲ ತಪ್ಪಿತ್ತು. ನಮ್ಮ ತಮ್ಮ ಇರೋ ಜಾಗ ಅಲ್ವಾ. ಇಪ್ಪತ್ತು ವರ್ಷದವನು."

"ದಾರಿ ಬಾಯಿಪಾಠ ಆಗಿರಬೇಕು."

"ಆಗದೆ ಏನು? ಸೇತುವೆಯ ಬಳಿ ಇಳಿದು ಗಿರಣಿ ಮಾರ್ಗದ ಬಸ್ಸನ್ನು ಹಿಡಿಯತಕ್ಕದ್ದು. ನಾಲ್ಕನೇ ಗುಡ್ಡದ ಬುಡದಲ್ಲಿ ಇಳಿಯತಕ್ಕದ್ದು. ವಯಸ್ಸಾದವರಿಗೆ ಏರು ಕಷ್ಟವಾಗಲಾರದು." ಶಾಲೆಯ ಹುಡುಗನ ಹಾಗೆ ಒಪ್ಪಿಸಿ ತಾನೇ ನಕ್ಕ. "ಪತ್ರದಲ್ಲಿ ಹಾಗೇ ಇತ್ತು."

ಆ ಕೊನೆಯ ಸಾಲು ಮೇಲಿನವರು ಕೊಟ್ಟ ಕರಡಿನಲ್ಲಿ ಇರಲಿಲ್ಲ. ದೊಡ್ಡಮ್ಮ ತಾನಾಗಿ ಸೇರಿಸಿದ್ದು, ಇನ್ನೂ ಅಳು ಬರುತ್ತಿದ್ದ ಮೊದಲ ವಾರದಲ್ಲಿ; ಆಮೇಲಿನ ಪತ್ರಗಳಲ್ಲೂ ಕೈ ಅದನ್ನು ಟೈಪ್ ಮಾಡುತ್ತಲೇ ಹೋಗಿತ್ತು. ಅವಳು ಕಿಟಕಿಯಿಂದ ಮುಖ ತಿರುಗಿಸಿದಳು.

"ಯಾವ ತುಕಡಿ ನಿಮ್ಮ ತಮ್ಮಂದು?" ಎಂದು ಕೇಳಿದಳು. ನಾಲ್ಕನೇ ಗುಡ್ಡದಲ್ಲೇ ನಿಜವಾಗಿ ಸತ್ತವರು ನಲವತ್ತಕ್ಕಿಂತ ಹೆಚ್ಚಿದ್ದರು. ಅವರಲ್ಲೊಬ್ಬನಾಗಿರಲಿ ಎಂದುಕೊಂಡಳು.

"ಸುರಂಗ ತೋಡೋರು," ಎಂದ ಬಡಗಿ.

ಏಳನೇ ಗುಡ್ಡದ ಹನ್ನೊಂದು ಮಂದಿಯೂ ಸುರಂಗ ತೋಡುವವರು. ದೊಡ್ಡಮ್ಮ ಚೀಲದಿಂದ ನೀರಿನ ಬಾಟಲಿ ತೆಗೆದು, ಕುಡಿಯದೆ ಹಾಗೇ ಒಳಗಿಟ್ಟಳು.

ಗುಡ್ಡದ ಮೇಲೆ ನೋಡಲು ಹೆಚ್ಚೇನೂ ಇರಲಿಲ್ಲ. ಅರ್ಧ ಮುಚ್ಚಿಹೋದ ಎರಡು ಕಂದಕ, ಹೆಸರುಗಳಿಲ್ಲದ ಒಂದು ಕಲ್ಲು, ಕಲ್ಲಿನ ಸುತ್ತ ಮರದ ಬೇಲಿ, ಎದುರಿಗೊಂದು ಬೆಂಚು. ಬೇಲಿಯೂ ಬೆಂಚೂ ಬಡಗಿಯ ಕೈಕೆಲಸ. ಯಾರೂ ಕೇಳಿರಲಿಲ್ಲ, ಯಾರೂ ಬೇಡವೆಂದೂ ಹೇಳಿರಲಿಲ್ಲ. ಬೆಂಚಿಗೆ ಸ್ವಲ್ಪ ಓರೆಯಾಗಿ ಒರಗು ಹಲಗೆ ಕೂರಿಸಿದ್ದ. ಒರಗಿ ಕೂತರೆ ಕಣ್ಣು ನೆಟ್ಟಗೆ ಕಲ್ಲಿನ ಮೇಲೆ ಹೋಗುತ್ತಿತ್ತು. ಅವನು ಚೀಲ ಕೆಳಗಿಟ್ಟು, ಒಂದು ಕೋಲು ಆರಿಸಿಕೊಂಡು ಮುಳ್ಳುಪೊದೆಗಳ ಕಡೆ ನಡೆದ.

"ಏನು ಹುಡುಕ್ತಿದ್ದೀರಾ?" ಎಂದಳು ತಂಗಿಯ ಮಗಳು.

"ತಮ್ಮ ತೋಡ್ತಿದ್ದ ಸುರಂಗದ ಬಾಯಿ. ಇಷ್ಟು ವರ್ಷವಾದ್ರೂ ಸಿಕ್ಕಿಲ್ಲ. ಹಾಳಾದ್ದು ಎಲ್ಲಿ ಮುಚ್ಚಿಹೋಗಿದ್ಯೋ. ಈ ಕಡೆ ಒಂದು ಬಾಕಿ ಇದೆ ನೋಡೋಕೆ." ಸೊಂಟ ಹಿಡಿದುಕೊಂಡು ಬಗ್ಗಿ ಪೊದೆಯೊಳಗೆ ಕೈ ಹಾಕಿದ. ಮುಳ್ಳು ಗೀರಿ ಮಣಿಕಟ್ಟಿನಲ್ಲಿ ರಕ್ತ ಕಂಡಿತು. ಅವನು ಅದನ್ನು ಅಂಗಿಗೆ ಒರೆಸಿಕೊಂಡು ಮತ್ತೆ ಬಗ್ಗಿದ.

"ಹುಡುಕಬೇಡಿ," ಎಂದಳು ದೊಡ್ಡಮ್ಮ. "ಅಲ್ಲಿಲ್ಲ. ಸುರಂಗ ಇದ್ದದ್ದು ಏಳನೇ ಗುಡ್ಡದಲ್ಲಿ. ಆ ಪತ್ರ ಟೈಪ್ ಮಾಡಿದ್ದು ನಾನು. ಜಾಗ ತಪ್ಪಾಗಿ ಹಾಕಿಬಿಟ್ಟೆ. ಹನ್ನೊಂದು ಜನಕ್ಕೆ."

ಬಡಗಿ ನಿಧಾನವಾಗಿ ನೆಟ್ಟಗಾದ. ಕೋಲು ಇನ್ನೂ ಕೈಯಲ್ಲೇ ಇತ್ತು.

"ವಯಸ್ಸಾದವರಿಗೆ ಏರು ಕಷ್ಟವಾಗಲಾರದು," ಎಂದ. "ಅದು ನೀವಾ?"

"ಹೌದು."

"ಆ ಸಾಲು ಓದಿ ಹೇಳಿದ ಮೇಲೇ ನಮ್ಮಮ್ಮ ಹೊರಟಿದ್ದು. ಇಲ್ಲಿಂದ ಒಂದು ಹಿಡಿ ಮಣ್ಣು ತಗೊಂಡು ಹೋಗಿ ಡಬ್ಬಿಯಲ್ಲಿ ಇಟ್ಕೊಂಡಿದ್ಲು. ಸತ್ತಾಗ ಅವಳ ಜೊತೆಗೇ ಹಾಕಿದ್ವಿ." ಕೋಲನ್ನು ಕೆಳಗೆ ಹಾಕಿದ. "ಅದನ್ನೀಗ ತೆಗೆಯೋಕಾಗಲ್ಲ."

"ತಪ್ಪಾಯ್ತು," ಎಂದಳು ದೊಡ್ಡಮ್ಮ. ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದ ಮಾತು, ಕಂಡಕ್ಟರನ ಹತ್ತಿರ ಎರಡು ಟಿಕೆಟ್ ಕೇಳಿದಷ್ಟೇ ಸಪ್ಪೆಯಾಗಿ ಹೊರಬಂತು. ಅಳು ಬರಲಿಲ್ಲ. ಬರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

"ಮೂವತ್ತೆಂಟು ವರ್ಷ ಸುಮ್ನಿದ್ರಲ್ಲ," ಎಂದ ಬಡಗಿ. ದನಿ ಎತ್ತಲಿಲ್ಲ.

"ಇದ್ದೆ."

"ಯಾವುದು ಏಳನೇದು?"

ಅವಳಿಗೂ ಗೊತ್ತಿರಲಿಲ್ಲ. ತಂಗಿಯ ಮಗಳು ಫೋನಿನಲ್ಲಿ ನಕ್ಷೆ ತೆಗೆದು, ಅತ್ತ ಇತ್ತ ತಿರುಗಿ, ಕೊನೆಗೆ ಬೆಂಚಿನ ಬೆನ್ನ ಹಿಂದೆ ಕೈ ಮಾಡಿದಳು. ಕಣಿವೆಯಾಚೆ, ಮರವಿಲ್ಲದ, ಉದ್ದನೆಯ ಒಂದು ಬೂದು ಗುಡ್ಡ. "ಈಗ ಅಲ್ಲಿಗೆ ಬಸ್ಸಿಲ್ಲ. ಕಾರು ಕರೆಸಲಾ? ಇಪ್ಪತ್ತು ನಿಮಿಷ ಅಷ್ಟೇ," ಎಂದಳು. ಈ ಸಲ ಅವಳ ದನಿಯಲ್ಲಿ ಕೊಂಕಿರಲಿಲ್ಲ.

"ಇವತ್ತು ಬೇಡ ತಾಯಿ," ಎಂದ ಬಡಗಿ. ಬೆಂಚಿನಲ್ಲಿ ಕೂತು, ಒರಗದೆ, ತಲೆ ಮಾತ್ರ ಹಿಂದಕ್ಕೆ ಹೊರಳಿಸಿ ನೋಡಿದ. ಕುತ್ತಿಗೆ ನೋವಾಗುವಷ್ಟು ಹೊತ್ತು ನೋಡಿದ. ಆಮೇಲೆ ಎದ್ದು ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಬೆಂಚಿನ ಹಿಂದೆ ಮಂಡಿಯೂರಿದ.

"ಏನು ಮಾಡ್ತಿದ್ದೀರಾ?" ಎಂದಳು ದೊಡ್ಡಮ್ಮ.

"ಒರಗು ಹಲಗೆ ಬಿಚ್ತಿದ್ದೀನಿ. ಬಿಚ್ಚಿದ್ರೆ ಆ ಕಡೆಗೂ ಮುಖ ಮಾಡಿ ಕೂತ್ಕೋಬಹುದು." ತುಕ್ಕು ಹಿಡಿದ ಮೊದಲ ಸ್ಕ್ರೂ ಕಿರುಗುಟ್ಟಿ ಹೊರಬಂತು. ಅವನು ಅವಳ ಮುಖ ನೋಡದೆ ಕೈ ಚಾಚಿದ. "ಹಿಡ್ಕೊಳ್ಳಿ ಇದನ್ನ. ಕಳೀಬೇಡಿ."

ದೊಡ್ಡಮ್ಮ ಎರಡೂ ಕೈ ಒಡ್ಡಿ ತೆಗೆದುಕೊಂಡಳು. ಕೆಳಗೆ ರಸ್ತೆಯಲ್ಲಿ ವಾಪಸು ಹೋಗುವ ಬಸ್ಸು ಹಾರ್ನ್ ಹೊಡೆಯಿತು. ಸ್ಕ್ರೂ ಇನ್ನೂ ಮೂರಿದ್ದವು.