ಕಾದಂಬರಿಗೊಂದು ಅಡಿಟಿಪ್ಪಣಿ

ನನ್ನ ಗಂಡ ಇತಿಹಾಸದ ಮೇಷ್ಟ್ರು. ಚರ್ಚಿನ ಪಕ್ಕದ ಶಾಲೆಯಲ್ಲಿ ಪಾಠ, ಬಿಡುವಿನಲ್ಲಿ ಬರವಣಿಗೆ. ಇತಿಹಾಸವನ್ನು ಶಾಯಿಯಲ್ಲಿ ಬರೆಯುತ್ತಾರೆ, ಕಾದಂಬರಿಯನ್ನು ಪೆನ್ಸಿಲಿನಲ್ಲಿ. ಮೇಜು ಒರೆಸುವಾಗ ನಾನೇನಾದರೂ ಆ ಎರಡು ಕಟ್ಟುಗಳನ್ನು ಬೆರೆಸಿದೆನೆಂದರೆ ಅವತ್ತಿಡೀ ಮುಖ ಗಂಟು. ಎರಡು ಆಧಾರ ಸಿಗದೆ ಒಂದು ಸಾಲನ್ನೂ ಇತಿಹಾಸಕ್ಕೆ ಸೇರಿಸದ ಮನುಷ್ಯ. ನಮ್ಮ ಚರ್ಚಿನ ಚರಿತ್ರೆಯನ್ನು ಹಾಗೆ ಅಳೆದು ತೂಗಿ ಬರೆದರು. ಅಚ್ಚಾಯಿತು, ಎಲ್ಲರ ಮನೆಯ ಕಪಾಟು ಸೇರಿತು, ಯಾರೂ ಓದಲಿಲ್ಲ. ಆಮೇಲೆ ಕಾದಂಬರಿ ಬರೆದರು. ಅದನ್ನು ಎಲ್ಲರೂ ಓದಿದರು. ನಮ್ಮ ಪೀಕಲಾಟ ಶುರುವಾದದ್ದು ಅಲ್ಲಿಂದ.

ಹಿಂದೆ ಕಾಲರಾ ಬಂದಾಗ ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತಂತೆ. ಅದು ನಿಜ. ಆಗ ಒಬ್ಬ ಹೆಂಗಸು ಬಾವಿಯಿಂದ ನೀರು ಸೇದಿ, ಕಾಯಿಸಿ, ಕಾಯಿಲೆಯ ಮನೆಗಳಿಗೆ ಹೊತ್ತು ಕೊಟ್ಟು, ರೋಗಿಗಳ ಬಟ್ಟೆ ಒಗೆದು, ಕೊನೆಗೆ ತಾನೂ ಅದರಲ್ಲೇ ಸತ್ತಳು. ಅದು ಇವರು ಕಟ್ಟಿದ್ದು. ಬಾವಿಯಮ್ಮ ಎಂದು ಹೆಸರಿಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ಯಾವ ರಗಳೆಯೂ ಇರುತ್ತಿರಲಿಲ್ಲ. ಕೈ ಸುಮ್ಮನಿರಬೇಕಲ್ಲ! ಅವಳನ್ನು ಮಣ್ಣು ಮಾಡುವ ಪುಟ ಬಂದಾಗ, ರೂಢಿಬಲ, ಕೆಳಗೆ ಗೆರೆ ಎಳೆದು ಅಡಿಟಿಪ್ಪಣಿ ಹಾಕಿಬಿಟ್ಟರು: "ಸಮಾಧಿ, ಚರ್ಚಿನ ಪಕ್ಕದ ಬಾಗಿಲ ಬಳಿ, ಹೆಸರಿಲ್ಲದ ಕಲ್ಲಿನ ಕೆಳಗೆ." ಆ ಕಲ್ಲು ನಿಜವಾಗಿಯೂ ಇದೆ. ಕೆಳಗೆ ಯಾರಿದ್ದಾರೆ, ಯಾರಾದರೂ ಇದ್ದಾರೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಕಾದಂಬರಿಗೆ ಅಡಿಟಿಪ್ಪಣಿ ಹಾಕುವ ಗಂಡ ನನಗೇ ಸಿಗಬೇಕಿತ್ತು.

ಮೊದಲು ಒಂದು ಮೇಣದಬತ್ತಿ ಕಾಣಿಸಿತು. ಯಾರೋ ಮಕ್ಕಳಾಟ ಎಂದುಕೊಂಡೆವು. ನೋಡನೋಡುತ್ತಿದ್ದಂತೆ ಕಲ್ಲಿನ ಸುತ್ತ ಮೇಣ ಕರಗಿ ಗಟ್ಟಿಯಾಗಿ, ಪೂಜೆ ಮುಗಿಸಿ ಬರುವವರ ಚಪ್ಪಲಿಗೆ ಅಂಟತೊಡಗಿತು. ಒಬ್ಬಳ ತಲೆನೋವು ಹೋಯಿತಂತೆ, ಇನ್ನೊಬ್ಬರ ಮಗ ಪಾಸಾದನಂತೆ. ಇವರ ನಿದ್ದೆ ಹಾರಿಹೋಯಿತು. ಫಾದರ್ ಹತ್ತಿರ ಹೋಗಿ, ಅದು ನಾನು ಕಟ್ಟಿದ ಕತೆ ಎಂದು ಹೇಳಿಕೊಂಡರೆ, ಅವರು ನಕ್ಕು ಬೆನ್ನು ತಟ್ಟಿದರು.

"ಜನ ದೇವರ ಹತ್ರಾನೇ ಬೇಡ್ಕೋತಿದ್ದಾರೆ ಮೇಷ್ಟ್ರೇ, ದಾರಿ ಯಾವುದಾದ್ರೇನು? ಸುಮ್ನೆ ತಲೆ ಕೆಡಿಸ್ಕೋಬೇಡಿ."

ತಲೆ ಕೆಡಿಸಿಕೊಳ್ಳದಿರುವುದು ಇವರಿಗೆ ಹುಟ್ಟಿನಿಂದಲೇ ಬಂದಿಲ್ಲ. ಆದರೂ ಹೇಗೋ ದಿನ ದೂಡುತ್ತಿದ್ದೆವು, ಪುಟ್ಟಿಯ ವಿಷಯ ಗೊತ್ತಾಗುವವರೆಗೆ.

ಪುಟ್ಟಿ ನನ್ನ ತಂಗಿ. ನಲವತ್ತೈದು ದಾಟಿದರೂ ಮನೆಯಲ್ಲಿ ಅವಳು ಪುಟ್ಟಿಯೇ. ಮದುವೆಯಾಗಲಿಲ್ಲ, ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಟೈಲರಿಂಗ್ ಅಂಗಡಿ, ಅದರ ಮೇಲೊಂದು ರೂಮು. ಅವಳ ಎದೆಯಲ್ಲಿ ಗಂಟಾಗಿತ್ತು. ಡಾಕ್ಟರು ತಡಮಾಡಬೇಡಿ, ತೆಗೆಸಿಬಿಡಿ, ಗುಣವಾಗುತ್ತೆ ಎಂದಿದ್ದರು. ಇವಳು ಆಪರೇಷನ್ನಿಗೆ ಹೋಗಲೇ ಇಲ್ಲ. ಇನ್ನೊಮ್ಮೆ ದಿನ ಕೊಟ್ಟರು; ಆಗಲೂ ಹೋಗಲಿಲ್ಲ. ಬೈದೆ, ಗೋಗರೆದೆ. ಕೊನೆಗೆ, ಬಟನ್ ಹೊಲಿಯುತ್ತಾ, ತಲೆಯೆತ್ತದೆ ಹೇಳಿದಳು.

"ದಿನಾ ಬೆಳಿಗ್ಗೆ ಬಾವಿಯಮ್ಮನ ಹತ್ರ ಹೋಗ್ತಿದೀನಿ ಅಕ್ಕಾ. ಗಂಟು ಸಣ್ಣದಾಗಿದೆ ಅನ್ಸುತ್ತೆ."

ಮುಟ್ಟಿ ನೋಡಿದೆ. ಸಣ್ಣದಾಗಿರಲಿಲ್ಲ.

ಡಾಕ್ಟರ ಕೈಕಾಲು ಹಿಡಿದು ಬರುವ ಗುರುವಾರಕ್ಕೆ ಮತ್ತೆ ದಿನ ಗೊತ್ತುಮಾಡಿಸಿದೆ. ಮನೆಗೆ ಬಂದು ಇವರ ಮುಂದೆ ಕೂತೆ. ದಾರಿಯುದ್ದಕ್ಕೂ ಯೋಚಿಸಿ ಒಂದು ಉಪಾಯ ಹೂಡಿದ್ದೆ.

"ರೀ, ಇನ್ನೊಂದು ಪುಟ ಬರೀರಿ. ಬಾವಿಯಮ್ಮ ರೋಗಿಗಳನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ಲು, 'ನನ್ನ ನೀರಿಂದ ಆಗಲ್ಲ, ಔಷಧಿ ಬೇಕು' ಅಂತಿದ್ಲು ಅಂತ. ಹೊಸದಾಗಿ ಸಿಕ್ಕಿದ ಸಂಗತಿ ಅಂತ ಪುಟ್ಟಿಗೆ ನಾನು ತೋರಿಸ್ತೀನಿ."

"ಸುಳ್ಳು ಬರೀಬೇಕಾ?"

"ಇಷ್ಟು ದಿನ ಬರೆದಿದ್ದೇನು, ಸುವಾರ್ತೇನಾ?"

ಅವರ ಮುಖ ಸಪ್ಪಗಾಯಿತು. ಮಾತು ಸ್ವಲ್ಪ ಜಾಸ್ತಿಯಾಯಿತು ಎಂದು ನನಗೂ ಅನಿಸಿತು, ಆದರೆ ವಾಪಸು ತೆಗೆದುಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

"ಕತೆ ಅಂತ ಹೇಳಿ ಬರೆದೆ, ಅದು ಬೇರೆ. ನಿಜ ಅಂತ ಹೇಳಿ ಬರೆದ್ರೆ ಅದಕ್ಕೆ ಕೊನೆ ಇರಲ್ಲ. ನಾಳೆ ಇನ್ನೊಬ್ಬಳು ಬರ್ತಾಳೆ, ಆಪರೇಷನ್ ಬೇಡ ಅಂತ. ಅವಳಿಗೆ ಯಾವ ಪುಟ ಬರೀಲಿ? ಭಾನುವಾರ ಪೂಜೆ ಆದ್ಮೇಲೆ ಎಲ್ಲರ ಮುಂದೆ ಹೇಳಿಬಿಡ್ತೀನಿ. ಅದಕ್ಕಿಂತ ಮೊದಲು ಪುಟ್ಟಿಗೆ ಹೇಳ್ಬೇಕು."

"ಅವಳು ಕುಸಿದುಹೋದ್ರೆ? ಆಸ್ಪತ್ರೆಯೂ ಬೇಡ, ದೇವರೂ ಬೇಡ ಅಂತ ಕೂತ್ರೆ ಏನ್ ಮಾಡ್ತೀರಿ?"

ಇವರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ನಾನು ಹಿಂದೆಯೇ ಓಡಿದೆ. ಮೂಲೆಯಲ್ಲಿ ಸೈಕಲ್ಲಿನವನೊಬ್ಬ ಇವರಿಗೆ ಗುದ್ದುವುದರಲ್ಲಿದ್ದ. ಇವರು ಅವನಿಗೇ ನಮಸ್ಕಾರ ಮಾಡಿ ಮುಂದೆ ನಡೆದರು. ದಾರಿಯಲ್ಲಿ ನನ್ನ ಬಾಯಿಗೆ ಪ್ರಾರ್ಥನೆ ಬಂತು. ಯಾರಿಗೆ ಮಾಡುವುದು ಎಂದು ಒಂದು ಗಳಿಗೆ ತಡವರಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಪುಟ್ಟಿ ಒಂದು ಕೋಟಿನ ತೋಳು ಬಿಚ್ಚುತ್ತಿದ್ದಳು. ಇವರು ನಿಂತೇ ಹೇಳಿದರು, ಪಾಠ ಒಪ್ಪಿಸುವ ಹುಡುಗನ ಹಾಗೆ, ಉಸಿರು ಬಿಡದೆ. ಬಾವಿಯಮ್ಮ ಎಂಬವಳು ಇರಲೇ ಇಲ್ಲ. ಕಲ್ಲಿನ ಕೆಳಗಿರುವುದು ಅವಳಲ್ಲ. ನಾನೇ ಬರೆದದ್ದು. ತಪ್ಪಾಯಿತು.

ಪುಟ್ಟಿಯ ಕೈ ನಿಂತಿತು.

"ಇಲ್ದೇ ಇರೋಳು ನಿಮ್ಮ ತಲೆಗೆ ಎಲ್ಲಿಂದ ಬಂದ್ಲು ಭಾವ?"

ಇವರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಒರೆಸಿದರು.

"ನಮ್ಮಮ್ಮಂಗೆ ಟಿಬಿ ಆದಾಗ ಯಾರೂ ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ. ನಿಮ್ಮಕ್ಕ ಬಸುರಿ, ಹತ್ರ ಬಿಡೋ ಹಾಗಿರಲಿಲ್ಲ. ನೀನು ಬಂದೆ. ನೀರು ಕಾಯಿಸ್ದೆ, ಬಟ್ಟೆ ಒಗೆದೆ, ಕೊನೇವರೆಗೂ ಇದ್ದೆ. ನಿನ್ನನ್ನೇ ಬರೆದದ್ದು ಪುಟ್ಟಿ. ಬಾಯಿಬಿಟ್ಟು ಹೇಳೋಕೆ ಆಗಿರಲಿಲ್ಲ."

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಬಾವಿಯಮ್ಮ ನಾನೇ ಇರಬೇಕು ಎಂದು ಇಷ್ಟು ದಿನ ಒಳಗೊಳಗೇ ಬೀಗುತ್ತಿದ್ದೆ. ಅಂಥ ಹೊತ್ತಿನಲ್ಲೂ ಸಣ್ಣಗೆ ಹೊಟ್ಟೆಕಿಚ್ಚಾಯಿತು, ಹೇಳದೆ ಇರಲಾರೆ. ಪುಟ್ಟಿ ನಗುತ್ತಾಳೋ ಅಳುತ್ತಾಳೋ ಎಂದು ನೋಡುತ್ತಿದ್ದೆ.

ಅವಳು ಎರಡನ್ನೂ ಮಾಡಲಿಲ್ಲ.

"ಭಾವ, ಬಾವಿಯಮ್ಮ ಕಾಯಿಲೆ ಬಿದ್ದಾಗ ಅವಳನ್ನ ನೋಡ್ಕೊಂಡೋರು ಯಾರು?"

"ಯಾರೂ ಇಲ್ಲ. ಒಬ್ಬಳೇ ಸಾಯ್ತಾಳೆ."

"ಯಾಕೆ ಹಾಗೆ ಬರೆದ್ರಿ?"

"ಹಾಗಿದ್ರೆ ಮನಸ್ಸಿಗೆ ನಾಟುತ್ತೆ ಅಂತ."

"ಓದೋರಿಗೆ ನಾಟುತ್ತೆ. ಅವಳಿಗೆ?"

ಇಷ್ಟು ವರ್ಷ ಪಾಠ ಹೇಳಿದ ಮೇಷ್ಟ್ರು ತಲೆ ತಗ್ಗಿಸಿದರು.

"ನಂಗೆ ಕತ್ತರಿ ಭಯ ಇಲ್ಲ ಅಕ್ಕಾ," ಎಂದು ಪುಟ್ಟಿ ನನ್ನ ಕಡೆ ತಿರುಗಿದಳು. "ದಿನಾ ಕತ್ತರಿ ಹಿಡಿಯೋಳು. ಆಪರೇಷನ್ ಆಗಿ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಯಾರೂ ಇರಲ್ಲ ಅಂತ ಭಯ. ಆಮೇಲೆ ಎದ್ದು ಓಡಾಡೋವರೆಗೂ ಯಾರ ಮನೆಗೆ ಹೋಗಿ ಬೀಳ್ಲಿ ಅಂತ ಭಯ. ಆ ಕಲ್ಲಿನ ಹತ್ರ ಕೂತ್ರೆ, ಕಾಯಿಲೆಯೋರನ್ನ ಬಿಟ್ಟು ಓಡದೆ ಇರೋಳು ಒಬ್ಬಳಾದ್ರೂ ಇದ್ದಾಳೆ ಅನಿಸ್ತಿತ್ತು. ಈಗ ಅವಳನ್ನೂ ಕಿತ್ಕೊಂಡ್ರಿ."

'ಯಾವಾಗ ಹೋಗ್ತೀಯ, ಯಾಕೆ ಹೋಗಲ್ಲ' ಎಂದು ಅವಳ ಜೀವ ತಿಂದಿದ್ದೆ. ನಾವು ಬರುತ್ತೇವೆ ಎಂಬ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಅದು ಹೇಳದೆಯೂ ಗೊತ್ತಿರುತ್ತದೆ ಎಂದುಕೊಂಡಿದ್ದೆ. ಹೇಳದೆ ಯಾರಿಗೂ ಏನೂ ಗೊತ್ತಿರುವುದಿಲ್ಲ.

ಮೆಟ್ಟಿಲು ಹತ್ತಿ ಅವಳ ರೂಮಿಗೆ ಹೋದೆ. ಮಂಚದ ಕೆಳಗಿನ ಚೀಲ ಎಳೆದು, ಬೀರುವಿನಿಂದ ಅವಳ ಬಟ್ಟೆ, ಟವೆಲ್ಲು, ಸೋಪು, ಜಪಸರ ಎಲ್ಲ ತುಂಬಿದೆ. ಸದ್ದು ಕೇಳಿ ಅವಳು ಹಿಂದೆಯೇ ಬಂದಳು. ಅವಳ ಹಿಂದೆ ಇವರು.

"ಏನ್ ಮಾಡ್ತಿದ್ದೀಯ?"

"ಗುರುವಾರಕ್ಕೆ ಕಟ್ತಿದೀನಿ. ಚೀಲದಲ್ಲಿ ಜಾಗ ಸಾಲ್ತಿಲ್ಲ. ನನ್ನ ಬಟ್ಟೆಯೂ ಇದರಲ್ಲೇ ಬರ್ಬೇಕು."

"ನೀನು ಎಷ್ಟು ದಿನ ಇರ್ತೀಯ?"

"ನೀನು ಸಾಕು ಹೋಗೇ ಅಂತ ಬೈಯೋವರೆಗೂ. ಆಮೇಲೆ ನಮ್ಮನೆಗೇ ಕರ್ಕೊಂಡು ಹೋಗ್ತೀನಿ."

ಪುಟ್ಟಿ ಚೀಲದ ಮುಂದೆ ಕುಕ್ಕರುಗಾಲಲ್ಲಿ ಕೂತು, ತನ್ನ ಬಟ್ಟೆಗಳನ್ನು ಒಂದು ಪಕ್ಕಕ್ಕೆ ಒತ್ತಿ ಒತ್ತಿ, ನನ್ನದಕ್ಕೆ ಜಾಗ ಮಾಡಿದಳು.