ಪೆಟ್ಟಿಗೆ ತೆರೆಯದ ಪರೀಕ್ಷೆ

ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುತ್ತಿದ್ದೆ. ಈಚೆಗೆ ಅದಕ್ಕೇನೋ ವಾಸನೆ. ಅದನ್ನು ಪರೀಕ್ಷಿಸಲು ಪಂಚಾಯಿತಿಯಿಂದ ಬಂದವನು ಮಾಳೇಶ, ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವ ನನ್ನ ಸೊಸೆ ಗಂಗಾಶ್ರೀಯ ಹಳೆಯ ವಿದ್ಯಾರ್ಥಿ. ತಂದ ಪರೀಕ್ಷೆಯ ಪೆಟ್ಟಿಗೆಯನ್ನು ತೆರೆಯದೆಯೇ ಪುಸ್ತಕದಲ್ಲಿ ‘ಶುದ್ಧ’ ಎಂದು ಬರೆದ.

“ನೀರು ಮುಟ್ಲೂ ಇಲ್ವಲ್ಲೋ!”

“ಹೋದ ತಿಂಗಳದ್ದೇ ಬರ್ದೆ ಅಜ್ಜಿ. ಕಾಲೇಜ್ ಲ್ಯಾಬಿಗೆ ಅನುದಾನ ಇಲ್ಲ, ಹಳೇ ರೆಕಾರ್ಡ್ ನೋಡ್ಕೊಂಡು ಬರೀರಿ ಅಂತ ಗಂಗಾಶ್ರೀ ಮೇಡಂ ಅವ್ರೇ ಕಲ್ಸಿದ್ದು. ಫಸ್ಟ್ ಕ್ಲಾಸ್ ಬೇರೆ ಕೊಟ್ರು!” ಎಂದು ನಗುತ್ತಾ ಹೋದ.

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗಂಗಾಶ್ರೀ ನಗಲಿಲ್ಲ. ಒಳಗೆ ಮೊಮ್ಮಗಳು ಶೃತಿ ಬೆಳಗಿನಿಂದ ವಾಂತಿ ಮಾಡುತ್ತಿದ್ದಳು.

ಕಾಲೇಜಿನಲ್ಲಿ ಪ್ರಯೋಗ ಮಾಡಿಸದೆ ಅಂಕ ಕೊಡುತ್ತಿರುವುದನ್ನು ತಿಳಿಸಿ ಸೊಸೆ ಹಿಂದೆಯೇ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದಿದ್ದಳು. ಆದರೆ ತನ್ನ ಅತಿಥಿ ಉಪನ್ಯಾಸಕಿಯ ಕೆಲಸ ಹೋದೀತೆಂದು ಅದನ್ನು ಎರಡು ವರ್ಷ ಕಳಿಸದೆ ಇಟ್ಟುಕೊಂಡಿದ್ದಳು.

“ಕೆಲ್ಸ ಹೋದ್ರೆ ಹೋಗ್ಲಿ ಅತ್ತೆ,” ಎಂದವಳು ಮಗುವನ್ನೆತ್ತಿಕೊಂಡು ಆನವಟ್ಟಿ ಆಸ್ಪತ್ರೆಗೆ ಹೊರಟಳು. ದಾರಿಯಲ್ಲಿ ಆ ಪತ್ರವನ್ನು ಅಂಚೆ ಡಬ್ಬಿಗೆ ಹಾಕಿದಳು.